ಕೂಸಿನ ಪಾಲಿನ ಹುತ್ತ

ಮಲಪ್ರಭೆಯ ದಂಡೆಯಲ್ಲಿರುವ ಕರಡಿಹಾಳ ದಾಟಿದ ಕೂಡಲೇ ಬನ್ನಿಗಿಡದ ಬುಡದಲ್ಲಿ ಆಳೆತ್ತರದ ಹುತ್ತವೊಂದು ಕಾಣುತ್ತದೆ. ಫಲಕದಲ್ಲಿ ‘ನಾಗಪ್ಪನ ಕಟ್ಟೆ’ ಎಂದು ಬರೆಸಿದ್ದಾರೆ, ಆದರೆ ಊರಿನವರ ಬಾಯಲ್ಲಿ ಅದು ಕೂಸಿನ ಪಾಲು. ನಾಗರಪಂಚಮಿಯ ದಿನ ಇಲ್ಲಿನ ಹೆಣ್ಣುಮಕ್ಕಳು ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಪಾಲು ಹೇಳುತ್ತಾರೆ. ಎಲ್ಲರಿಗಿಂತ ಮೊದಲು ಎರೆಯುವ ಹಕ್ಕು ಗೌಡರ ಮನೆತನದ್ದು.

ಹಿಂದೆ ಒಮ್ಮೆ ಆ ಮನೆಯಲ್ಲಿ ಬಾಳವ್ವನೆಂಬ ಹಿರಿಯಳಿದ್ದಳು ಎನ್ನುತ್ತಾರೆ. ಪಂಚಮಿಗೆ ತನ್ನ ಹೆಣ್ಣುಮಕ್ಕಳನ್ನೆಲ್ಲ ಕರೆಸಿಕೊಂಡ ಆ ಪುಣ್ಯಾತ್ಗಿತ್ತಿ, ಉಂಡಿ ಕಟ್ಟಲು ಆಳು ಬೇಕೆಂದು ಸೊಸೆ ಹೊನ್ನವ್ವನನ್ನು ಮಾತ್ರ ತವರಿಗೆ ಕಳಿಸಲಿಲ್ಲ. ಹೊನ್ನವ್ವನ ಆರು ತಿಂಗಳ ಹೆಣ್ಣುಕೂಸಿಗೆ ಮೂರು ದಿನದಿಂದ ಜ್ವರ. ಹಬ್ಬದ ಬೆಳಿಗ್ಗೆ ಅದು ತಾಯಿಯ ಮಡಿಲಲ್ಲೇ ತೀರಿಕೊಂಡಿತು. ಹಬ್ಬದ ದಿನ ಸಾವಾದರೆ ಆ ಹಬ್ಬವೇ ಮನೆತನಕ್ಕೆ ಮುಳುಗಿದಂತೆ. ಮತ್ತೊಂದು ಪಂಚಮಿಯಂದೇ ಮನೆಯಲ್ಲಿ ಜೀವ ಹುಟ್ಟುವವರೆಗೆ ಹಾಲೆರೆಯುವಂತಿಲ್ಲ. ಮೊದಲ ಹಾಲಿನ ಹಕ್ಕು ಬೇರೆ ಮನೆಯ ಪಾಲಾಗುತ್ತದೆ. ಬಾಳವ್ವ ಕೂಸನ್ನು ಕಿತ್ತುಕೊಂಡು ತೊಟ್ಟಿಲಲ್ಲಿ ಮಲಗಿಸಿ ಕೌದಿ ಹೊದಿಸಿದಳು.

“ಇವತ್ತ ಅತ್ತರ ಮನಿತನದ ಹಬ್ಬ ಮುಣಗತೈತಿ. ಅಳಾಕ ನಾಳಿ ಐತಿ, ಈಗ ಸೀರಿ ಉಟ್ಕೊ,” ಎಂದಳು.

ಹೊನ್ನವ್ವ ಹೊಸ ಸೀರೆ ಉಟ್ಟಳು. ಎದೆಯಲ್ಲಿ ಹಾಲು ಬಿಗಿದು ಕುಪ್ಪಸ ತೊಯ್ದಿತ್ತು, ಅತ್ತೆ ಅದರ ಮೇಲೆ ಸೆರಗು ಎಳೆದು ಸರಿಮಾಡಿದಳು. ಹುತ್ತದ ಮುಂದೆ ಅತ್ತೆಯ ಪಾಲು, ಮಾವನ ಪಾಲು, ಗಂಡನ ಪಾಲು ಎಂದು ಎರೆದ ಸೊಸೆಯ ಕೈ ಅಲ್ಲಿಗೆ ನಿಂತಿತು. ಊರ ಹೆಂಗಸರೆಲ್ಲ ಹಿಂದೆ ಸಾಲಾಗಿ ನಿಂತಿದ್ದರು.

“ಕೂಸಿನ ಪಾಲು ಬಿಟ್ಟಿಯಲ್ಲ ತಂಗಿ,” ಎಂದಳು ಒಬ್ಬಳು.

“ಅನ್ನು, ಮಂದಿ ಕಾಯಾಕತ್ತಾರ,” ಎಂದಳು ಬಾಳವ್ವ.

ಹೊನ್ನವ್ವ ಅಂದಳು, ಎರೆದಳು.

ಮರುದಿನ ಸಾವನ್ನು ಊರಿಗೆ ತಿಳಿಸಿದರು. ಆದರೆ ಹೆಣ ಎತ್ತಲು ಬಂದವರು ಮೂಗಿಗೆ ಬಟ್ಟೆ ಹಿಡಿದದ್ದರಿಂದ ಗುಟ್ಟು ಉಳಿಯಲಿಲ್ಲ. ಗೌಡರ ಮನೆಯ ಮಾತಾದ್ದರಿಂದ ಯಾರೂ ಬಾಯಿ ಬಿಡಲಿಲ್ಲ. ಅದಕ್ಕಾಗಿ ನನಗೆ ಬಾಳವ್ವನಷ್ಟೇ ನಮ್ಮ ಊರಿನ ಮೇಲೂ ಸಿಟ್ಟಿದೆ. ಮುಂದಿನ ಪಂಚಮಿಗೆ ಹೊನ್ನವ್ವ ಆ ಪಾಲನ್ನು ಬಿಡಲು ಹೋದಳು. ಈಗ ನಿಲ್ಲಿಸಿದರೆ ನಾಗಪ್ಪನಿಗೆ ಸುಳ್ಳು ಗೊತ್ತಾಗುತ್ತದೆಂದು ಅತ್ತೆ ಬಿಡಗೊಡಲಿಲ್ಲ. ದೇವರನ್ನು ಅಷ್ಟು ದಡ್ಡನೆಂದು ತಿಳಿದಿದ್ದಳು! ಮತ್ತೆ ಮಕ್ಕಳಾಗದ ಹೊನ್ನವ್ವ ನಲವತ್ತು ವರ್ಷ, ತಾನು ಸಾಯುವವರೆಗೆ, ಅದೇ ಮಾತನ್ನು ಹೇಳುತ್ತ ಹಾಲೆರೆದಳಂತೆ.

ಹೊನ್ನವ್ವನ ಮೈದುನನ ವಂಶ ಬೆಳೆಯಿತು, ಆ ಮನೆಯ ಹಬ್ಬ ಇಂದಿಗೂ ಮುರಿದಿಲ್ಲ. ಪಂಚಮಿಗೆ ಬಂದವರು ನೋಡಬಹುದು: ಕಡೆಯದಾದ ಕೂಸಿನ ಪಾಲನ್ನು ಮನೆಗೆ ಬಂದ ಹೊಸ ಸೊಸೆಯಿಂದಲೇ ಹೇಳಿಸುತ್ತಾರೆ. ಅದು ಯಾವ ಕೂಸೆಂದು ಯಾರೂ ಅವಳಿಗೆ ತಿಳಿಸುವುದಿಲ್ಲ. ತನಗೆ ಹುಟ್ಟಲಿರುವ ಕೂಸಿನ ಪಾಲೆಂದುಕೊಂಡು ಅವಳು ನಾಚಿ ನಗುತ್ತ ಎರೆಯುತ್ತಾಳೆ.