ಬೊಮ್ಮಕ್ಕ ಗಿಣ್ಣು ಬೇಡವೆಂದ ದಿನ

ಬನ್ರಪ್ಪಾ, ಹತ್ರ ಬಂದು ಕೂತ್ಕೊಳ್ಳಿ. ಯಾವ ಕಾಲದ್ದು ಅಂತ ಮಾತ್ರ ಕೇಳಬೇಡಿ, ಅದು ನಮ್ಮಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಹಿರೇಕಣಿವೆ ಅನ್ನೋ ಒಂದೂರಲ್ಲಿ ಬೊಮ್ಮಕ್ಕ ಅಂತ ಒಬ್ಬಳಿದ್ದಳಂತೆ. ಹಸುಗಳಿಗೆ ಹೆರಿಗೆ ಮಾಡಿಸೋಳು. ಕರು ಅಡ್ಡ ತಿರುಗಿದೆ ಅಂತ ಯಾರಾದರೂ ಕೂಗಿದರೆ ಉಣ್ಣೋ ತಟ್ಟೆ ಬಿಟ್ಟು ಓಡೋಳಂತೆ. ಅವಳು ಹಸುವಿನ ಬೆನ್ನು ತಟ್ಟಿದರೆ ಸಾಕು, ಹೊಟ್ಟೆಯೊಳಗಿನ ಕರು ತಾನೇ ನೆಟ್ಟಗೆ ತಿರುಗಿಕೊಳ್ಳೋದಂತೆ. ನಂಬ್ತೀರೋ ಬಿಡ್ತೀರೋ ನಿಮ್ಮಿಷ್ಟ, ನಾನಂತೂ ನಂಬ್ತೀನಿ.

ಕೂಲಿ ಅಂತ ಅವಳು ಏನೂ ಕೇಳ್ತಿರಲಿಲ್ಲ. ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ ಹಾಕಿ ಗಿಣ್ಣು ಮಾಡ್ತಾರಲ್ಲ, ಅದರಲ್ಲಿ ಅವಳಿಗೊಂದು ಬಟ್ಟಲು. ಗಿಣ್ಣು ಅಂದರೆ ಪ್ರಾಣ ಬಿಡೋಳಂತೆ!

ಒಂದು ದಿನ ಊರಗೌಡರ ಕೊಟ್ಟಿಗೆಯಲ್ಲಿ ಹಸು ಕರು ಹಾಕ್ತಂತೆ. ಅದೇ ದಿನ ಒಳಕೋಣೆಯಲ್ಲಿ ಗೌಡರ ಸೊಸೆ ಹೊನ್ನಿ ಗಂಡುಕೂಸು ಹೆತ್ತಳಂತೆ. ಹೊನ್ನಿಗೆ ಮೊದಲು ಎರಡು ಹುಟ್ಟಿ, ಎರಡೂ ತೊಟ್ಟಿಲು ಕಾಣದೆ ಹೋಗಿದ್ದವು. ಅತ್ತೆ ಕೆಂಚಮ್ಮ ಕೆಟ್ಟವಳೇನಲ್ಲ. ಈ ಕೂಸಾದರೂ ಉಳೀಲಿ ಅಂತ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಆದರೆ ಊರ ವಾಡಿಕೆ ಹಾಗಿತ್ತು. ಕೂಸು ದಪ್ಪ ಆದರೆ ಹೆರೋದು ಕಷ್ಟ ಅಂತ ಬಸುರಿಗೆ ಅರೆಹೊಟ್ಟೆ. ಎಲ್ಲರೂ ಉಂಡ ಮೇಲೆ ಪಾತ್ರೆ ತಳದಲ್ಲಿ ಉಳಿದದ್ದು ಅವಳ ಪಾಲಿಗೆ. ಹೆತ್ತ ಮೇಲೆ ಎದೆಯಲ್ಲಿ ಮೊದಲು ಬರೋ ಹಳದಿ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲೋರು. ಕೂಸಿಗೆ ಬೆಲ್ಲದ ನೀರಲ್ಲಿ ಅದ್ದಿದ ಬಟ್ಟೆಬತ್ತಿ ಚೀಪಿಸೋರು.

ಮಾರನೇ ದಿನ ಬೊಮ್ಮಕ್ಕ ಬಟ್ಟಲು ಹಿಡಿದು ಬಂದಳಂತೆ. ಗೌಡರ ಜಗಲಿ ತುಂಬ ಜನ, ಎಲ್ಲರ ಕೈಲೂ ಗಿಣ್ಣು. ಅಂಗಳದಲ್ಲಿ ಕರು ಬಾಲ ಎತ್ತಿ ಕುಪ್ಪಳಿಸ್ತಿತ್ತು. ಒಳಗೆ ಕೂಸಿನ ಸದ್ದೇ ಇಲ್ಲ. ಯಾಕವ್ವ ಕೂಸು ಅಳ್ತಿಲ್ಲ ಅಂತ ಕೇಳಿದರೆ, ಕೆಂಚಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, ಇದೂ ಅವುಗಳ ಹಾಗೇ ಸೊರಗ್ತಿದೆ ಕಣೇ ಅಂದಳಂತೆ. ಅಷ್ಟರಲ್ಲಿ ಆಳುಹೆಂಗಸೊಬ್ಬಳು ಒಳಗಿಂದ ಹಳದಿ ಹಾಲಿನ ಬಟ್ಟಲು ತಂದು ತಿಪ್ಪೆಗೆ ಸುರಿದಳಂತೆ.

ಬೊಮ್ಮಕ್ಕ ನೋಡಿದ್ದೇ ತಡ, ಅಬ್ಬಬ್ಬಾ! ತನ್ನ ಬಟ್ಟಲನ್ನು ಜಗಲಿ ಮೇಲೆ ಕುಕ್ಕಿದಳಂತೆ.

"ಏನ್ ಗೌಡ್ತವ್ವಾ! ಹಸುವಿನ ಗಿಣ್ಣು ಬಾಯಿ ಚಪ್ಪರಿಸಿಕೊಂಡು ತಿಂತೀರಿ, ನಿಮ್ಮ ಮೊಮ್ಮಗನ ಗಿಣ್ಣು ತಿಪ್ಪೆಗೆ ಸುರೀತೀರಾ? ಕರುವಿಗೆ ಬಿಡದೆ ಹಾಲೆಲ್ಲಾ ಕರ್ಕೊಂಡ್ರೆ ಕರು ಎದ್ದು ನಿಲ್ಲುತ್ತಾ?"

ದನಕ್ಕೂ ಜನಕ್ಕೂ ಒಂದೇನಾ ಅಂತ ಯಾರೋ ನಕ್ಕರಂತೆ. ಆಗ ಬೊಮ್ಮಕ್ಕ ಆಣೆ ಇಟ್ಟಳಂತೆ. ಆ ಕೂಸು ತನ್ನ ಗಿಣ್ಣು ಕುಡಿಯೋವರೆಗೂ ನನಗೆ ಗಿಣ್ಣು ಬೇಡ, ಈ ಊರಿನ ಒಂದು ಕೊಟ್ಟಿಗೆಗೂ ಕಾಲಿಡಲ್ಲ ಅಂದಳಂತೆ. ನಗು ನಿಂತೇ ಹೋಯಿತು. ಊರ ತುಂಬ ಗಬ್ಬದ ಹಸುಗಳು!

ಅವಳಿಗೂ ಒಳಗೊಳಗೇ ಅಂಜಿಕೆ ಇತ್ತಂತೆ. ಕರುಗಳನ್ನ ಬಲ್ಲಳು, ಕೂಸುಗಳನ್ನ ಬಲ್ಲಳೇ? ಹಾಲು ಕುಡಿಸಿದ ಮೇಲೆ ಕೂಸು ಹೋದರೆ ಊರು ಬಿಡಿಸ್ತಾರೆ. ಆದರೂ ಆಡಿದ ಮಾತು ಹಿಂದಕ್ಕೆ ತಗೊಳ್ಳಲಿಲ್ಲ.

ಆಗ, ಅತ್ತೆ ಮುಂದೆ ಯಾವತ್ತೂ ದನಿ ಎತ್ತದ ಹೊನ್ನಿ ಒಳಗಿಂದ ಕೂಗಿದಳಂತೆ. "ಅತ್ತೇ, ಎರಡು ಕೂಸು ವಾಡಿಕೆಗೆ ಕೊಟ್ಟೆ. ಇದನ್ನ ಕೊಡಲ್ಲ. ಬೊಮ್ಮಕ್ಕನ್ನ ಒಳಗೆ ಬಿಡಿ."

ಕೆಂಚಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಸೊಸೆಯ ಮಾತು ಕೇಳಿ ಪಕ್ಕಕ್ಕೆ ಸರಿದಳಂತೆ.

ಕೂಸಿಗೆ ಚೀಪೋ ಶಕ್ತಿಯೂ ಇರಲಿಲ್ಲ. ಬಡಕಲು ಕರುವಿಗೆ ಮಾಡೋ ಹಾಗೆ ಬೊಮ್ಮಕ್ಕ ಅದರ ಗಲ್ಲ ತೀಡಿದಳು, ಹೊನ್ನಿ ಹಿಂಡಿದ ಹಾಲನ್ನ ಬೆರಳ ತುದಿಯಿಂದ ತುಟಿಗೆ ಬಿಟ್ಟಳು. ಒಂದು ಹನಿ. ಇನ್ನೊಂದು ಹನಿ. ನಾಲಿಗೆ ಅಲ್ಲಾಡಿತು. ಗುಟುಕ್! ಕಿಟಕಿಗೆ ಮುತ್ತಿದ್ದ ಜನ "ನುಂಗ್ತು! ನುಂಗ್ತು!" ಅಂತ ಕಿರುಚಿದರಂತೆ. ಸಂಜೆಯೊಳಗೆ ಕೂಸು ತಾನೇ ಎದೆ ಕಚ್ಚಿತು, ಆಮೇಲೆ ಅತ್ತಿತು ನೋಡಿ, ಕೆರೆಯ ಬೆಳ್ಳಕ್ಕಿಗಳೆಲ್ಲ ಗಾಬರಿಯಾಗಿ ಹಾರಿದವಂತೆ! ಕೆಂಚಮ್ಮ ತಲೆಗೂದಲು ಬಿಚ್ಚಿಹೋದದ್ದೂ ತಿಳಿಯದೆ ಬೀದಿಗೆ ಓಡಿ, "ಕುಡೀತು ಕಣ್ರೋ! ನನ್ನ ಮೊಮ್ಮಗ ಕುಡೀತು ಕಣ್ರೋ!" ಅಂತ ಕುಣಿದಳಂತೆ. ಬೊಮ್ಮಕ್ಕ ಒಂದೇ ಪಟ್ಟಿಗೆ ಕೂತು ಗಿಣ್ಣಿನ ಪಾತ್ರೆಯನ್ನೇ ಬಳಿದಳಂತೆ, ಪುಣ್ಯಾತ್ಗಿತ್ತಿ.

ಅಲ್ಲಿಗೆ ಸುಮ್ಮನಾದಳೇ? ಎಲ್ಲಿಯ ಮಾತು! ಕೊಟ್ಟಿಗೆಗೆ ಹೋದಲ್ಲೆಲ್ಲ ಮೊದಲು ಅಡುಗೆಮನೆಗೆ ನುಗ್ಗೋಳಂತೆ. ಗಬ್ಬದ ಹಸುವಿಗೆ ಹುರುಳಿ ಬೇಯಿಸಿ ಹಾಕ್ತೀರಲ್ಲ, ಬಸುರಿ ಸೊಸೆಗೆ ಏನು ಹಾಕಿದ್ರಿ, ಪಾತ್ರೆ ತೋರ್ಸಿ ಅನ್ನೋಳಂತೆ. ನುಗ್ಗೆಸೊಪ್ಪು, ಕಾಳು, ಮೊಟ್ಟೆ, ಹಾಲು ಅವಳಿಗೆ ಮೊದಲು ಬಡಿಸಿ ಅನ್ನೋಳಂತೆ. ಕೂಸು ಕೂರೋ ಹೊತ್ತಿಗೆ ಎದೆಹಾಲಿನ ಜೊತೆ ರಾಗಿಸರಿ, ನುಣ್ಣಗೆ ಮಸೆದ ಬೇಳೆ, ಮೇಲೊಂದು ತೊಟ್ಟು ತುಪ್ಪ. ಕರು ಹುಲ್ಲು ಮೂಸೋದಕ್ಕೂ ಒಂದು ಕಾಲ ಇಲ್ವಾ ಅಂತ ಗದರೋಳಂತೆ. ಹೊನ್ನಿಯ ಮಗ ಹೋರಿಯ ಹಾಗೆ ಬೆಳೆದನಂತೆ.

ಬೊಮ್ಮಕ್ಕ ಹೋಗಿ ಎಷ್ಟು ತಲೆಮಾರಾಯಿತೋ. ಹಿರೇಕಣಿವೆಯಲ್ಲಿ ಈಗಲೂ ಸೊಸೆ ಹೆತ್ತರೆ ಅತ್ತೆಯೇ ಬೀದಿಗೆ ಬಂದು, "ಕುಡೀತು ಕಣ್ರೋ!" ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಬೇಕು. ಕೂಗೋವರೆಗೂ ಅಕ್ಕಪಕ್ಕದ ಮನೆಯೋರು ಬಾಗಿಲಲ್ಲೇ ನಿಂತು ಕಾಯ್ತಾರೆ. ಗಂಡೋ ಹೆಣ್ಣೋ ಅನ್ನೋ ಮಾತೆಲ್ಲ ಆಮೇಲೆ.