ಯುಗಾದಿಯ ಗಡಿಗೆ

"ಗುರುಗಳೇ, ಜಗಳವೇ ಇಲ್ಲದಿರುವಾಗ ವಕೀಲರು ಯಾಕೆ ಬೇಕು?" ಎಂದು ಕೊಟ್ರೇಶಿ ಕೇಳಿದ.

ಅವನ ಮಗ್ಗ ಇರುವುದು ಹಿತ್ತಲಿನ ಜಾಗದಲ್ಲಿ. ಆ ಜಾಗದಲ್ಲಿ ತನಗೆ ಪಾಲಿಲ್ಲ ಎಂಬ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಕೊಡು ಎಂದು ಅಣ್ಣ ಕೇಳಿದ್ದ. "ಅಣ್ಣ ಒಳ್ಳೆಯವನು. ಮಗ್ಗ ಅಲ್ಲೇ ಇರಲಿ ಅಂತಲೂ ಹೇಳಿದ್ದಾನೆ," ಎಂದ. ಬಲಗೈಯನ್ನು ಮುಷ್ಟಿ ಹಿಡಿದೇ ಕುಳಿತಿದ್ದ. ಗುರುಗಳು ಆ ಮುಷ್ಟಿಯನ್ನು ನೋಡಿದರು. ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನಿಗೆ ಮಣ್ಣು ಸಿಗುತ್ತಿದ್ದದ್ದು ಒಂದೇ ಕೆರೆಯಲ್ಲಿ. ಕೆರೆಗೆ ಇದ್ದದ್ದು ಒಂದೇ ದಾರಿ, ಅದೂ ಪಕ್ಕದ ರೈತನ ಹೊಲದೊಳಗೆ. ಅವನ ಅಪ್ಪ ಅದೇ ದಾರಿಯಲ್ಲಿ ಕತ್ತೆ ಹೊಡೆದುಕೊಂಡು ಹೋಗಿದ್ದ. ಇವನೂ ಹೋಗುತ್ತಿದ್ದ. ಯಾರೂ ಯಾರನ್ನೂ ಕೇಳಿದ್ದಿಲ್ಲ.

ಒಮ್ಮೆ ರೈತನ ಹೋತ ನುಗ್ಗಿ ನಾಲ್ಕು ಗಡಿಗೆ ಒಡೆಯಿತು. ಕುಂಬಾರ ನಕ್ಕುಬಿಟ್ಟ. "ಗಡಿಗೆ ಗಟ್ಟಿ ಇದೆಯೋ ಇಲ್ಲವೋ ಅಂತ ನಿಮ್ಮ ಹೋತ ಬಡಿದು ನೋಡಿತು, ಬಿಡಿ." ರೈತ ಒಂದು ಚೀಲ ಜೋಳ ಕಳಿಸಿದ. ಅಲ್ಲಿಗೆ ಮುಗಿಯಿತು. ಅಂಥದ್ದಕ್ಕೆ ಯಾವ ವಕೀಲನೂ ಬೇಕಿರಲಿಲ್ಲ.

ಮುಂದೊಂದು ಯುಗಾದಿಗೆ ಕಟ್ಟೆಯ ಮೇಲೆ ಊರವರೆಲ್ಲ ಬೇವುಬೆಲ್ಲ ತಿನ್ನುತ್ತಿದ್ದರು. ರೈತ ಕುಂಬಾರನ ಹೆಗಲ ಮೇಲೆ ಕೈ ಹಾಕಿದ.

"ವರ್ಷಕ್ಕೊಂದು ಹೊಸ ಗಡಿಗೆ ಕೊಡಪ್ಪ. 'ನಿಮ್ಮ ಅಪ್ಪಣೆಯಿಂದ ನಿಮ್ಮ ಹೊಲದಲ್ಲಿ ಓಡಾಡ್ತೀನಿ' ಅಂತ ನಾಲ್ಕು ಜನರ ಮುಂದೆ ಒಂದು ಮಾತು ಅನ್ನು. ನನಗೂ ಒಂದು ಗೌರವ."

"ಗಡಿಗೆ ಒಂದೇ ಯಾಕೆ ಯಜಮಾನರೇ, ಮುಚ್ಚಳಾನೂ ತಗೊಳ್ಳಿ!"

ಎಲ್ಲರೂ ನಕ್ಕರು. ಕುಂಬಾರನಿಗೆ ಹಿಗ್ಗೋ ಹಿಗ್ಗು. ಗಡಿಗೆ ಮಾಡುವ ತಿಗರಿ ಸೀಳು ಬಿಟ್ಟರೆ ಬಡಗಿಯನ್ನು ಕೇಳುತ್ತಿದ್ದ, ಕತ್ತೆ ಕುಂಟಿದರೆ ಊರನ್ನೆಲ್ಲ ಕೇಳುತ್ತಿದ್ದ. ಈ ಮಾತಿನ ಬಗ್ಗೆ ಮಾತ್ರ ಯಾರನ್ನೂ ಕೇಳಲಿಲ್ಲ. ಸಂತೋಷದ ಮಾತಿಗೆ ಕೇಳುವುದೇನು? ಪ್ರತಿ ಯುಗಾದಿಗೂ ತಾನು ಮಾಡಿದ್ದರಲ್ಲೇ ಚೆಂದದ ಗಡಿಗೆಯನ್ನು ಆರಿಸಿ ಒಯ್ದ. ಪ್ರತಿ ಸಲವೂ ಅದೇ ಮಾತು ಹೇಳಿ ಕೊಟ್ಟ.

ಕಾಲ ಕಳೆಯಿತು. ರೈತ ಹೊಲವನ್ನು ಒಬ್ಬ ವ್ಯಾಪಾರಿಗೆ ಮಾರಿದ. ವ್ಯಾಪಾರಿ ಬಂದವನೇ ಬೇಲಿ ಹಾಕಿಸಿದ. ಮಣ್ಣಿಲ್ಲದೆ ತಿಗರಿ ನಿಂತಿತು. ಆಗ ಕುಂಬಾರ ಪೇಟೆಗೆ ಓಡಿ ವಕೀಲರ ಮುಂದೆ ಕೈಮುಗಿದು ನಿಂತ.

ವಕೀಲರು ಒಂದೇ ಮಾತು ಕೇಳಿದರು. "ಆ ದಾರಿಯಲ್ಲಿ ಕೇಳಿ ಓಡಾಡಿದ್ದೋ, ಕೇಳದೆಯೋ?"

ಕುಂಬಾರ ಎದೆಯುಬ್ಬಿಸಿ ಹೇಳಿದ. "ಕೇಳದೆ ಓಡಾಡೋಕೆ ನಾನೇನು ಕಳ್ಳನೇ ಸ್ವಾಮಿ? ವರ್ಷ ವರ್ಷವೂ ಗಡಿಗೆ ಕೊಟ್ಟು, ಅಪ್ಪಣೆ ತಗೊಂಡೇ ನಡೆದಿದ್ದೀನಿ. ಊರಿಗೆ ಊರೇ ಸಾಕ್ಷಿ."

ವಕೀಲರು ಕೈಲಿದ್ದ ಲೇಖನಿಯನ್ನು ಕೆಳಗಿಟ್ಟು ಹೇಳಿದರು.

"ಕೇಳದೆ, ಎಲ್ಲರ ಕಣ್ಣೆದುರಿಗೆ, ಯಾರ ತಡೆಯೂ ಇಲ್ಲದೆ, ಮೊದಲಿನ ಹಾಗೇ ಇಷ್ಟು ವರ್ಷವೂ ನಡೆದಿದ್ದರೆ ಅದು ನಿನ್ನ ಹಕ್ಕಾಗುತ್ತಿತ್ತು. ಅಪ್ಪಣೆಯಿಂದ ನಡೀತೀನಿ ಅಂತ ನೀನೇ ಊರ ಮುಂದೆ ಒಪ್ಪಿಕೊಂಡ ಮೇಲೆ ಅದು ಅವರ ಉಪಕಾರ. ಉಪಕಾರವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು. ಮೊದಲ ಗಡಿಗೆ ಒಯ್ಯುವ ದಿನ ಇಲ್ಲಿಗೆ ಬಂದಿದ್ದರೆ, ನಿನಗೆ ಹೇಳೋದು ನನಗೆ ಒಂದು ಮಾತಿನ ಕೆಲಸವಾಗುತ್ತಿತ್ತು."

ಕುಂಬಾರ ಊರಿಗೆ ಮರಳಿ, ಬೇಲಿಯ ಈಚೆ ನಿಂತು ಕೆರೆಯನ್ನು ನೋಡಿದ. ಆಮೇಲೆ ಕತ್ತೆಯನ್ನು ಮಾರಿದ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶಿ ನಿಟ್ಟುಸಿರುಬಿಟ್ಟ. "ಪಾಪ, ಅವನು ಮೊದಲೇ ಕೇಳಬೇಕಿತ್ತು," ಎಂದು ಎದ್ದು, ಹೊರಡಲು ಎರಡೂ ಕೈ ಜೋಡಿಸಿದ. ಮುಷ್ಟಿ ಬಿಚ್ಚಿತು.

"ಹೆಬ್ಬೆರಳಿನ ಮಸಿ ಇನ್ನೂ ಆರಿಲ್ಲವಲ್ಲೋ, ಕೊಟ್ರೇಶಿ," ಎಂದರು ಗುರುಗಳು.

ಕೊಟ್ರೇಶಿ ಜೋಡಿಸಿದ ಕೈಗಳನ್ನು ಇಳಿಸಲಿಲ್ಲ.