ಅಂಗೈಗೆ ಒಂದು ಹನಿ

ನದಿಯ ದಡದಲ್ಲಿ ಒಂದು ಧ್ಯಾನಮಂದಿರ. ಅದರ ಅಡುಗೆಮನೆ ಸಿಸ್ಟರ್ ಪಾವ್ಲಿನ್ ಅವರ ಕೈಯಲ್ಲಿತ್ತು. ಅವರ ಬಳಿ ಅಡುಗೆ ಕಲಿಯುತ್ತಿದ್ದವಳು ಸೆವ್ರಿನ್.

ಸಿಸ್ಟರ್ ರುಚಿ ನೋಡದೆ ಯಾವುದೂ ಅಲ್ಲಿ ಮೇಜಿಗೆ ಹೋಗುವಂತಿರಲಿಲ್ಲ. ಮೊದಲು ಸೆವ್ರಿನ್ ನಾಲಗೆಗೆ ಮುಟ್ಟಿಸಿಕೊಳ್ಳಬೇಕು. ಆಮೇಲೆ ಸಿಸ್ಟರ್ ಅಂಗೈ ಚಾಚುವರು. ಸೌಟಿನಿಂದ ಒಂದು ಹನಿ ಬೀಳುವುದು. ಅದನ್ನು ಬಾಯಿಗಿಟ್ಟು, ಸೆವ್ರಿನಳನ್ನೇ ದಿಟ್ಟಿಸಿ, "ಸರಿ" ಎನ್ನುವರು. ಇಲ್ಲವೇ, "ಇನ್ನೆರಡು ಹರಳು ಉಪ್ಪು." ಅವರ ಮಾತು ತಪ್ಪಿದ್ದೇ ಇಲ್ಲ.

ಇಗರ್ಜಿಯ ಹಬ್ಬದ ಬೆಳಿಗ್ಗೆ ಸಿಸ್ಟರ್ ಹೇಳಿದರು: "ನಾಳೆ ನನಗೆ ಬೇರೆ ಕಾನ್ವೆಂಟಿಗೆ ವರ್ಗ. ಹಬ್ಬಕ್ಕೆ ಬರುವ ಫಾದರ್‌ಗಳ ಇವತ್ತಿನ ಊಟ ನಿನ್ನದು. ನನ್ನನ್ನು ಏನೂ ಕೇಳದೆ ಬಡಿಸಿದರೆ ಈ ಒಲೆ ನಿನಗೆ. ಕೇಳಿದರೆ ಪೇಟೆಯಿಂದ ಅಡುಗೆಯವನು ಬರುತ್ತಾನೆ."

"ಉಪ್ಪನ್ನೂ ಕೇಳಬಾರದೇ, ಸಿಸ್ಟರ್?"

"ಈ ಒಂದು ಪ್ರಶ್ನೆಯನ್ನು ಮನ್ನಿಸಿದ್ದೇನೆ."

ಹಂದಿಮಾಂಸ ಹಿಂದಿನ ಸಂಜೆಯಿಂದಲೇ ಉಪ್ಪು, ಮೆಣಸು, ಬೆಳ್ಳುಳ್ಳಿ, ವಿನೆಗರಿನಲ್ಲಿ ನೆನೆದಿತ್ತು. ಸೆವ್ರಿನ್ ಅದರ ಚರ್ಮಕ್ಕೆ ಗೀರು ಹಾಕಿ ದಪ್ಪ ತಳದ ಪಾತ್ರೆಯಲ್ಲಿಟ್ಟಳು. ಕೆಳಗೆ ಕೆಂಡ, ಮುಚ್ಚಳದ ಮೇಲೆಯೂ ಕೆಂಡ. ಸಿಸ್ಟರ್ ಕಿಟಕಿಯ ಬಳಿ ಜಪಸರ ಹಿಡಿದು ಕುಳಿತರು.

ಕೊಬ್ಬು ಚಟಪಟ ಎನ್ನತೊಡಗಿತು. ಸೆವ್ರಿನ್ ರಸ ರುಚಿ ನೋಡಿದಳು. ಕಾಲುಗಳು ರೂಢಿಯಂತೆ ಅವಳನ್ನು ಕಿಟಕಿಯ ಬಳಿಗೆ ಒಯ್ದವು.

ಸಿಸ್ಟರ್ ಅವರ ಅಂಗೈ ಜಪಸರದ ಮೇಲೆ ಮುಚ್ಚಿತ್ತು. ಅದು ತೆರೆಯಲಿಲ್ಲ.

ಸೆವ್ರಿನ್ ಹಿಂದಿರುಗಿದಳು. ರಸವನ್ನು ಮತ್ತೊಮ್ಮೆ ನಾಲಗೆಗೆ ಮುಟ್ಟಿಸಿಕೊಂಡು, ಎರಡು ಹರಳು ಉಪ್ಪು ಹಾಕಿದಳು.

ಚರ್ಮ ಗರಿಗರಿಯಾದ ಮೇಲೆ ಮಾಂಸವನ್ನು ಇಳಿಸಿ, ಕತ್ತರಿಸದೆ, ಹಾಗೆಯೇ ಆರಲು ಬಿಟ್ಟಳು.

ಇನ್ನು ವೈನ್. ಒಂದು ಭರಣಿಯಲ್ಲಿ ಸಿಹಿಯದು, ಇನ್ನೊಂದರಲ್ಲಿ ಹಳೆಯ ಒಗರು ವೈನ್. ಆರಿದ ಮಾಂಸದ ಅಂಚಿನಿಂದ ಒಂದು ತುಣುಕು ಕೊಯ್ದು ತಿಂದು ಸಿಹಿಯದನ್ನು ಗುಟುಕರಿಸಿದಳು, ನಾಲಗೆ ಅಂಟಂಟಾಯಿತು. ಒಗರಿನದು ಕೊಬ್ಬಿನ ಜಿಡ್ಡನ್ನೆಲ್ಲ ತೊಳೆದುಬಿಟ್ಟಿತು. ಕೈ ತಾನಾಗಿಯೇ ಇನ್ನೊಂದು ತುಣುಕಿಗೆ ಹೋಯಿತು. ಹೂಜಿಗೆ ಆ ಒಗರು ವೈನನ್ನೇ ತುಂಬಿದಳು.

"ಫಾದರ್‌ಗಳಿಗೆ ಸಿಹಿಯೇ ಇಷ್ಟ" ಎಂದರು ಸಿಸ್ಟರ್, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು.

"ಗೊತ್ತು, ಸಿಸ್ಟರ್. ಅದನ್ನು ಕೇಕಿನ ಜೊತೆ ಕುಡಿಯಲಿ."

ಊಟ ಮುಗಿಯಿತು. ತಟ್ಟೆಗಳು ಹಿಂದಿರುಗಿದವು. ಒಂದರಲ್ಲೂ ಚರ್ಮದ ಚೂರು ಉಳಿದಿರಲಿಲ್ಲ. ಹೂಜಿಯೂ ಬರಿದಾಗಿತ್ತು.

ಸಿಸ್ಟರ್ ತಮ್ಮ ಪಾಲಿನ ತುಂಡನ್ನು ನಿಧಾನವಾಗಿ ತಿಂದು ಮುಗಿಸಿ, ಅಡುಗೆಮನೆಯ ಬೀಗದ ಕೈಯನ್ನು ಸೆವ್ರಿನಳ ಅಂಗೈಯಲ್ಲಿಟ್ಟರು.

ಸೆವ್ರಿನಳಿಗೆ ತಡೆಯಲಾಗಲಿಲ್ಲ. "ಇನ್ನಾದರೂ ಕೇಳಬಹುದೇ, ಸಿಸ್ಟರ್? ಉಪ್ಪು ಸರಿಯಾಗಿತ್ತೇ?"

"ನನಗೇನು ಗೊತ್ತು, ಮಗಳೇ? ಹೋದ ಮಳೆಗಾಲದ ಜ್ವರದಲ್ಲೇ ನನ್ನ ನಾಲಗೆಯ ರುಚಿ ಹೋಯಿತು. ಅಂದಿನಿಂದ ನಿನ್ನ ಮುಖ ನೋಡಿಯೇ ಉಪ್ಪು ಹೇಳುತ್ತಿದ್ದೆ."